ಒಂದು ಖಾಲಿ ಹೊಟ್ಟೆ, ಎರಡು ಚೀಟಿ

ಆಸ್ಪತ್ರೆಗಳಲ್ಲಿ ಡಯಟೀಶಿಯನ್ ಕೆಲಸಕ್ಕೆ ಹೊಸದಾಗಿ ಸೇರ್ತಿರೋ ಹೆಣ್ಣುಮಕ್ಕಳು ಇದನ್ನ ಓದ್ಲಿ ಅಂತ ಬರೀತಿದ್ದೀನಿ. ನನಗೆ ಶಾಲು ಹೊದಿಸಿದ್ದು, ಗಂಧದ ಹಾರ ಹಾಕಿದ್ದು, ನಾನು ಸೀನಿಯರ್ ಆಗಿದ್ದು, ಚೀಫ್ ಆಗಿದ್ದು ಯಾವುದೂ ಇಲ್ಲಿ ಬರಲ್ಲ. ಅದನ್ನೆಲ್ಲ ಮನೆಯವರಿಗೆ ಹೇಳಿ ಹೇಳಿ ಅವರಿಗೇ ಬೇಜಾರಾಗಿದೆ. ಇಪ್ಪತ್ತೊಂಬತ್ತು ವರ್ಷದ ಸರ್ವೀಸಲ್ಲಿ ನಾನು ಒಂದು ಪ್ರಶ್ನೆ ಕೇಳ್ಬೇಕಿತ್ತು, ಕೇಳ್ಲಿಲ್ಲ. ಒಂದು ನಿಜ ಹೇಳ್ಬೇಕಿತ್ತು, ಅದನ್ನೂ ಹೇಳ್ಲಿಲ್ಲ. ಅದರಿಂದ ಒಬ್ಬ ಟೀಚರ್ ತಮ್ಮ ಕೆಲಸ ಕಳ್ಕೊಂಡ್ರು. ವಿಷಯ ಇಷ್ಟೇ. ಆದ್ರೆ ಹೇಗಾಯ್ತು ಅಂತ ತಿಳೀದಿದ್ರೆ ನೀವೂ ಮಾಡ್ತೀರಾ, ಅದಕ್ಕೇ ಉದ್ದ ಬರೀತೀನಿ.

ನಮ್ಮದು ಶಿವಾಜಿನಗರದ ಕಡೆ ಒಂದು ಟ್ರಸ್ಟ್ ಆಸ್ಪತ್ರೆ. ಹೆಸರು ಬೇಡ. ನನ್ನ ರೂಮು ಮೆಟ್ಟಿಲ ಕೆಳಗೆ. ಮೇಲೆ ಯಾರಾದ್ರೂ ಸ್ಟ್ರೆಚರ್ ಇಳಿಸಿದ್ರೆ ನನ್ನ ತಲೆ ಮೇಲೆ ಗುಡುಗು. ಒಂದು ತೂಕದ ಮೆಷಿನ್ನು, ಒಂದು ಟೇಬಲ್ಲು, ಗಾಜಿನ ಬಾಟ್ಲಿಗಳಲ್ಲಿ ರಾಗಿ, ಹೆಸರುಕಾಳು, ಅವರೆ. ಡಾಕ್ಟ್ರು ನೋಡಿದ ಮೇಲೆ ಪೇಷೆಂಟ್ ನನ್ನ ಹತ್ರ ಬರೋರು. ಫೈಲು ಮಾತ್ರ ಬರ್ತಿರ್ಲಿಲ್ಲ, ಅದು ಡಾಕ್ಟ್ರ ರೂಮಿಂದ ನೆಟ್ಟಗೆ ರೆಕಾರ್ಡ್ ಸೆಕ್ಷನ್ನಿಗೆ ಹೋಗೋದು. ನನಗೆ ಬರ್ತಿದ್ದಿದ್ದು ಅಂಗೈ ಅಗಲದ ಚೀಟಿ. ಹೆಸರು, ವಯಸ್ಸು, ತೂಕ, ಕೆಳಗೆ ಒಂದೇ ಸಾಲು: ಶುಗರ್ ಡಯಟ್, ಕೊಲೆಸ್ಟರಾಲ್ ಡಯಟ್, ಹೀಗೆ. ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ಚೀಟೀಲಿ ಇರ್ತಿರ್ಲಿಲ್ಲ. ನಾನೂ ಕೇಳ್ತಿರ್ಲಿಲ್ಲ. ಮಾತ್ರೆ ಡಾಕ್ಟ್ರದ್ದು, ತಟ್ಟೆ ನಂದು ಅಂತ ಒಂದು ಗಡಿ ಹಾಕ್ಕೊಂಡಿದ್ವಿ. ಯಾರು ಹಾಕಿದ್ದು ಅಂತ ಯಾರಿಗೂ ಗೊತ್ತಿಲ್ಲ.

ನಾನು ಸೇರಿದಾಗ ಡಯಟ್ ಶೀಟನ್ನ ಕೈಯಲ್ಲಿ ಬರೀತಿದ್ವಿ. ಒಬ್ಬೊಬ್ಬರಿಗೂ ಅರ್ಧ ಗಂಟೆ. ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದು ಓದೋರಿಗೆ ವಾರ್ಡ್ ಸಿಸ್ಟರ್ ಒಬ್ಬರ ಕಾಲು ಹಿಡಿದು ಬರೆಸ್ತಿದ್ದೆ. ಬರೆಯುವಾಗ ಮಾತು ಬರೋದು. ಎಷ್ಟೊತ್ತಿಗೆ ಏಳ್ತೀರಿ, ಅಡುಗೆ ಯಾರು ಮಾಡ್ತಾರೆ, ಸೊಸೆ ಜೊತೆ ಮಾತಿದೆಯಾ. ಆಮೇಲೆ ಜೆರಾಕ್ಸ್ ಬಂತು, ಆಮೇಲೆ ಪ್ರಿಂಟೆಡ್ ಶೀಟು ಬಂತು. ಟಿಕ್ ಹಾಕಿ ಕೊಟ್ರೆ ಐದು ನಿಮಿಷ. ಈಗ ವಾಟ್ಸಾಪಲ್ಲೇ ಕಳಿಸ್ತಾರಂತೆ, ಮುಖ ಕೂಡ ನೋಡ್ಬೇಕಾಗಿಲ್ಲ. ಕೆಲಸ ಹಗುರ ಆಯ್ತು ಅಂತ ಎಲ್ಲರಿಗಿಂತ ಹೆಚ್ಚು ಖುಷಿ ಪಟ್ಟಿದ್ದು ನಾನೇ.

ಇನ್ನು ಸೋಯಾ ಕಥೆ. ಅದು ನಮ್ಮ ಕಡೆ ಸದ್ದು ಮಾಡಿದ ಹೊಸದರಲ್ಲಿ ಒಂದು ದೊಡ್ಡ ಹೋಟೆಲ್ಲಲ್ಲಿ ಸಭೆ ಇಟ್ಟಿದ್ರು, ನಮ್ಮ ಆಸ್ಪತ್ರೆಯಿಂದ ನಾನು ಹೋಗಿದ್ದೆ. ಸೋಯಾ ಅವರೆಯಲ್ಲಿ ಐಸೊಫ್ಲೇವೋನ್ ಅಂತ ಒಂದು ಗಿಡದ ಪದಾರ್ಥ ಇದೆ, ಅದು ನೋಡೋಕೆ ಹೆಣ್ಣಿನ ಈಸ್ಟ್ರೊಜೆನ್ ಹಾರ್ಮೋನಿನ ಥರಾನೇ ಇರುತ್ತೆ ಅಂದ್ರು. ಬೀರುವಿನ ಬೀಗಕ್ಕೆ ಸೂಟ್‌ಕೇಸ್ ಕೀ ತೂರಿಸಿದ್ರೆ ಒಂದೊಂದ್ಸಲ ಒಳಗೆ ಹೋಗಿ ಸ್ವಲ್ಪ ತಿರುಗುತ್ತಲ್ಲ, ಹಾಗೆ. ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರಿಗೆ ಮೈ ಬಿಸಿ ಏರೋದು, ಬೆವರೋದು ಕೆಲವರಲ್ಲಿ ಸ್ವಲ್ಪ ಕಮ್ಮಿ ಆಗಬಹುದು. ಕೊಲೆಸ್ಟರಾಲ್ ಸ್ವಲ್ಪ ಇಳೀಬಹುದು. ಮೂಳೆಗೂ ಒಳ್ಳೇದಿರಬಹುದು, ಇನ್ನೂ ನೋಡ್ತಿದ್ದೀವಿ. ಅವರು ಹೇಳಿದ್ದು ಇಷ್ಟು. ನಾನು ಬಸ್ಸಲ್ಲಿ ವಾಪಸ್ ಬರೋಷ್ಟರಲ್ಲಿ 'ಕೆಲವರಲ್ಲಿ' ಉದುರಿತ್ತು, 'ಸ್ವಲ್ಪ' ಉದುರಿತ್ತು, 'ಬಹುದು' ಅನ್ನೋದಂತೂ ಅಲ್ಲೇ ಹೋಟೆಲ್ಲಲ್ಲೇ ಉಳಿದಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗಾಯ್ತು ನಂದು. ಬಂದವರಿಗೆಲ್ಲ ಸೋಯಾ. ಆಸ್ಪತ್ರೇಲಿ ನನಗೆ 'ಸೋಯಾ ಮೇಡಂ' ಅಂತಾನೇ ಹೆಸರು ಬಿತ್ತು.

ಮೊದಲ ಏಟು ಬಿದ್ದಿದ್ದು ಅಡುಗೆಮನೇಲಿ. ನಮ್ಮ ಕುಕ್ ಅಂತೋಣಿ, ಹಲಸೂರಿನವನು, ಮದುವೆ ಅಡುಗೆ ಮಾಡಿ ಪಳಗಿದ ಕೈ. ಅವನಿಗೆ ಸೋಯಾ ಉಂಡೆ ಕೊಟ್ಟು ಸಾಂಬಾರ್ ಮಾಡು ಅಂದೆ. ನೆನೆಸಿ, ಹಿಂಡಿ, ಮತ್ತೆ ತೊಳೆದು ಹಿಂಡಬೇಕು ಅಂತ ಹೇಳೋದು ಮರೆತೆ. ಹಾಗೇ ಸುರಿದುಬಿಟ್ಟ. ಮಧ್ಯಾಹ್ನ ಗಂಡಸರ ವಾರ್ಡಿಂದ ಒಬ್ಬರು ತಟ್ಟೆ ಹಿಡ್ಕೊಂಡು ನನ್ನ ರೂಮಿಗೇ ಬಂದ್ರು. "ಏನಮ್ಮ ಇದು, ಪಾತ್ರೆ ಉಜ್ಜೋ ಸ್ಪಾಂಜು ಸಾಂಬಾರಿಗೆ ಬಿದ್ಬಿಟ್ಟಿದೆ!" ಅಂತೋಣಿ ಒಂದು ವಾರ ನನ್ನ ಜೊತೆ ಮಾತಾಡ್ಲಿಲ್ಲ. ಆಮೇಲೆ ಅವನೇ ದಾರಿ ಕಂಡುಹಿಡಿದ. "ಅಮ್ಮಾ, ಶುಂಠಿ ಬೆಳ್ಳುಳ್ಳಿ ಹಾಕಿ ಹುರಿದ್ರೆ ವಾಸನೆ ಪೋಯಿಡುಮ್ಮಾ, ಹೋಗೇ ಹೋಗುತ್ತೆ. ಕೇಳೋಕೆ ಏನಾಗಿತ್ತು ನಿಮಗೆ?" ಅಂದ. ನಿಜ, ಕೇಳೋಕೆ ಏನಾಗಿತ್ತು ನನಗೆ. ಆಗ್ಲೇ ಅದನ್ನ ಮನಸ್ಸಿಗೆ ಹಾಕ್ಕೋಬೇಕಿತ್ತು.

ಖಲೀಲ್ ಭಾಯ್ ಕಥೆ ಹೇಳ್ದೆ ಮುಂದೆ ಹೋಗಕ್ಕಾಗಲ್ಲ. ಶಿವಾಜಿನಗರದಲ್ಲಿ ಮಟನ್ ಅಂಗಡಿ, ಕೊಲೆಸ್ಟರಾಲ್ ಏರಿತ್ತು. ನಾನು ಸೋಯಾ ಕೀಮಾ ತಿನ್ನಿ ಅಂದೆ. ಮಟನ್ ಅಂಗಡಿಯವರಿಗೆ! ಅವರು ತೋಬಾ ತೋಬಾ ಅಂತ ಕಿವಿ ಮುಟ್ಕೊಂಡ್ರು. "ಮೇಡಂ, ನನ್ನ ಅಂಗಡಿ ಮುಂದೆ ನಿಂತು ಈ ಮಾತು ಹೇಳ್ಬೇಡಿ, ಗಿರಾಕಿ ನಗ್ತಾರೆ." ಆದ್ರೂ ಪಾಪ ತಿಂದ್ರು. ನಾಲ್ಕು ತಿಂಗಳಿಗೆ ರಿಪೋರ್ಟ್ ಚೆನ್ನಾಗಿ ಬಂತು. ನಾನು ಸ್ಟಾಫ್ ರೂಮಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು, ಒಂದು ಕಾಪಿ ನನ್ನ ರೂಮಿನ ಗೋಡೆಗೂ ಅಂಟಿಸಿದೆ. ಹೋಗುವಾಗ ಖಲೀಲ್ ಭಾಯ್ ಮೆಲ್ಲಗೆ ಹೇಳಿದ್ರು, "ಸಚ್ ಬೋಲೂಂ ಮೇಡಂ, ನಿಜ ಹೇಳ್ಲಾ? ನಿಮ್ಮ ಸೋಯಾ ವಾರಕ್ಕೆ ಒಂದೇ ದಿನ ತಿಂದಿದ್ದು. ಕೊಬ್ಬು, ಭೇಜಾ ಎರಡೂ ಬಿಟ್ಟೆ. ದಿನಾ ಕಂಟೋನ್ಮೆಂಟ್ ಸ್ಟೇಷನ್ ತನಕ ನಡೆದೆ." ನಾನು ನಕ್ಕು ಕಳಿಸಿದೆ. ನಡೆದಿದ್ದು ಅವರು, ಹೆಸರು ಸೋಯಾಗೆ. ಆ ರಿಪೋರ್ಟನ್ನ ಗೋಡೆಯಿಂದ ತೆಗೀಲೂ ಇಲ್ಲ.

ಇನ್ನೊಂದು ಮಾತು ಒಪ್ಕೊಂಡ್ಬಿಡ್ತೀನಿ. ಇಷ್ಟೆಲ್ಲ ಹೇಳಿದ ನಾನು ಮನೇಲಿ ಸೋಯಾ ಹಾಲು ಕುಡೀತಿರ್ಲಿಲ್ಲ. ಬೆಳಗ್ಗೆ ನನಗೆ ಫಿಲ್ಟರ್ ಕಾಫಿ ಆಗ್ಬೇಕು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಒಂದು ವಾರ ನಾನೇ ಆ ಶೀಟಿನ ಪ್ರಕಾರ ಬದುಕಿ ನೋಡಿದ್ರೆ, ಬೆಳಗಿನ ಹೊತ್ತು ಹೇಗಿರುತ್ತೆ, ಯಾವುದರ ಜೊತೆ ಯಾವುದು ಹೊಟ್ಟೆಗೆ ಹೋಗುತ್ತೆ ಅಂತ ಗೊತ್ತಾಗಿರೋದೇನೋ.

ನನ್ನ ನಿವೃತ್ತಿಗೆ ಇನ್ನೂ ಏಳು ವರ್ಷ ಇತ್ತು. ಒಂದು ಬೆಳಗ್ಗೆ ಸುಜಾತಾ ಮಿಸ್ ಬಂದ್ರು. ಹಲಸೂರಿನ ಹತ್ತಿರದ ಒಂದು ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಕನ್ನಡ ಹೇಳಿಕೊಡೋರು, ಮನೆ ಸಿ.ವಿ. ರಾಮನ್ ನಗರದ ಆಚೆ ಕಗ್ಗದಾಸಪುರದಲ್ಲಿ. ಐವತ್ತರ ಹತ್ತಿರ ವಯಸ್ಸು. ಚೀಟೀಲಿ ಬರೆದಿದ್ದು 'ಮೆನೋಪಾಸ್ ಡಯಟ್' ಅಂತ ಒಂದೇ ಸಾಲು. ದನಿ ಮಾತ್ರ ಏನು ದನಿ ಅಂತೀರಾ! ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ ಮೇಡಂ" ಅಂದಿದ್ದಕ್ಕೆ ಕಾರಿಡಾರಲ್ಲಿ ಕೂತೋರೆಲ್ಲ ತಿರುಗಿ ನೋಡಿದ್ರು. ಭಾನುವಾರ ಬೌದ್ಧ ವಿಹಾರದಲ್ಲಿ ಬುದ್ಧ ವಂದನೆ ಹೇಳಿಸೋದು ಅವರೇ ಅಂತೆ.

"ಪಾಠ ಮಾಡ್ತಾ ಮಾಡ್ತಾ ಇದ್ದಕ್ಕಿದ್ದ ಹಾಗೆ ಮೈಗೆ ಬೆಂಕಿ ಇಟ್ಟ ಹಾಗೆ ಆಗುತ್ತೆ ಮೇಡಂ. ಬೋರ್ಡ್ ಕಡೆ ತಿರುಗಿ ಸೆರಗಲ್ಲಿ ಬೆವರು ಒರೆಸ್ಕೋತೀನಿ. ಮಕ್ಕಳು, ಮಿಸ್ ಅಳ್ತಿದ್ದಾರೆ ಅಂದ್ಕೊಂಡ್ಬಿಡ್ತಾರೆ," ಅಂತ ನಕ್ಕರು.

ನಾನು ಪ್ರಿಂಟೆಡ್ ಶೀಟ್ ತೆಗೆದು ಟಿಕ್ ಹಾಕಿದೆ. ಮೊದಲ ಸಾಲು ನಾನೇ ಬರೆಸಿದ್ದು: 'ಬೆಳಗ್ಗೆ ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಸೋಯಾ ಹಾಲು.' ಖಾಲಿ ಹೊಟ್ಟೇಲಿ ಯಾಕೆ? ಯಾವ ಕಾರಣವೂ ಇಲ್ಲ. ಖಾಲಿ ಹೊಟ್ಟೆ ಅಂತ ಬರೆದ್ರೆ ಔಷಧಿ ಥರ ಗೌರವ ಕೊಡ್ತಾರೆ, ತಪ್ಪಿಸಲ್ಲ ಅಂತ ಬರೆಸಿದ್ದೆ.

ಅವರಿಗೆ ಆರೇಳು ವರ್ಷದಿಂದ ಥೈರಾಯ್ಡ್ ಇತ್ತು. ದಿನಾ ಬೆಳಗ್ಗೆ ಎದ್ದು ಒಂದು ಮಾತ್ರೆ, ಅದೂ ಖಾಲಿ ಹೊಟ್ಟೇಲೇ, ಬರೀ ನೀರಲ್ಲಿ ನುಂಗೋದು. ಆಮೇಲೆ ಒಂದು ಗಂಟೆ ಏನೂ ತಿನ್ನೋ ಹಾಗಿಲ್ಲ. ನನ್ನ ಚೀಟೀಲಿ ಅದು ಇರ್ಲಿಲ್ಲ. ನಾನು ಕೇಳ್ಲಿಲ್ಲ. ಅವರು ಮೇಷ್ಟ್ರು, ಬರೆದಿದ್ದನ್ನ ಬರೆದ ಹಾಗೆ ಪಾಲಿಸೋರು. ಡಾಕ್ಟ್ರ ಚೀಟೀಲಿ ಖಾಲಿ ಹೊಟ್ಟೆ, ಡಯಟ್ ಮೇಡಂ ಚೀಟೀಲೂ ಖಾಲಿ ಹೊಟ್ಟೆ. ಇರೋದು ಒಂದೇ ಹೊಟ್ಟೆ, ಅದು ಖಾಲಿ ಇರೋದು ದಿನಕ್ಕೆ ಒಂದೇ ಸಲ. ಅವರು ಮಾತ್ರೆನ ಸೋಯಾ ಹಾಲಲ್ಲೇ ನುಂಗೋಕೆ ಶುರು ಮಾಡಿದ್ರು. ಸೋಯಾ ಜೊತೆ ಹೋದ್ರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ಇದೇನು ಗುಟ್ಟಲ್ಲ. ನನ್ನ ಕಪಾಟಿನಲ್ಲಿದ್ದ ಪುಸ್ತಕದಲ್ಲೇ ಬರೆದಿತ್ತು.

ಎರಡು ತಿಂಗಳಾದ ಮೇಲೆ ಮೈಸೂರ್ ಪಾಕ್ ಡಬ್ಬಿ ಹಿಡ್ಕೊಂಡು ಬಂದ್ರು. ಬಿಸಿ ಏರೋದು ಅರ್ಧಕ್ಕರ್ಧ ಕಮ್ಮಿ ಆಗಿತ್ತು. "ನಿಮ್ಮ ಕೈಗುಣ ಮೇಡಂ," ಅಂದ್ರು. ಅದು ಸೋಯಾದಿಂದ ಆಗಿದ್ದಾ, ತಾನಾಗೇ ಆಗಿದ್ದಾ, ಇಲ್ಲಾ ಮಾತ್ರೆ ಹತ್ತದೆ ಮೈ ತಣ್ಣಗಾಗ್ತಾ ಬಂದಿತ್ತಾ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನಂತೂ ಮೈಸೂರ್ ಪಾಕ್ ತಿಂದೆ.

ಮತ್ತೆ ಬಂದಿದ್ದು ಐದು ತಿಂಗಳ ಮೇಲೆ. ಗುರುತೇ ಹಿಡೀಲಿಲ್ಲ. ಮುಖ ಊದಿತ್ತು, ಬೇಸಿಗೇಲಿ ಸ್ವೆಟರ್ ಹಾಕಿದ್ರು. ದನಿ ಒಡೆದು ಗೊರಗೊರ ಅಂತಿತ್ತು. ತೂಕ ಒಂಬತ್ತು ಕಿಲೋ ಏರಿತ್ತು. "ಏನೂ ಜಾಸ್ತಿ ತಿಂತಿಲ್ಲ ಮೇಡಂ. ಆದ್ರೂ ಹೀಗೆ. ಸ್ಕೂಲಲ್ಲಿ ಕೂತಲ್ಲೇ ತೂಕಡಿಕೆ ಬರುತ್ತೆ."

ಅವತ್ತು ನನ್ನ ಬಾಯಿಂದ ಬಂದ ಮಾತನ್ನ ಇಲ್ಲಿ ಹಾಗೇ ಬರೀತೀನಿ, ನನಗೆ ನಾಚಿಕೆ ಆದ್ರೂ ಸರಿ. "ಏನ್ ಮಿಸ್, ಮೈಸೂರ್ ಪಾಕು ನನಗೆ ಒಂದು ಡಬ್ಬಿ, ನಿಮಗೆ ಒಂದು ಡಬ್ಬೀನಾ? ಕದ್ದು ತಿಂದ್ರೆ ತೂಕದ ಮೆಷಿನ್ನು ಹೇಳ್ಬಿಡುತ್ತೆ ನೋಡಿ." ಅವರು ತಲೆ ತಗ್ಗಿಸಿದ್ರು. ನಾನು ಅನ್ನ ಕಮ್ಮಿ ಮಾಡಿಸಿ, ಸೋಯಾ ಹಾಲನ್ನ ಒಂದು ಲೋಟದಿಂದ ಎರಡು ಲೋಟ ಮಾಡಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ. ಥೂ, ಆ ಟಿಕ್ ಮಾರ್ಕು ಇನ್ನೂ ಕಣ್ಣು ಮುಂದೆ ಬರುತ್ತೆ.

ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿದ್ರು, ಥೈರಾಯ್ಡ್ ಹದ ತಪ್ಪಿತ್ತು. ಮಾತ್ರೆ ತಪ್ಪಿಸ್ತಿದ್ದೀರಾ ಅಂತ ಅವರೂ ಗದರಿದ್ರು, ಡೋಸ್ ಏರಿಸಿದ್ರು. ಏರಿಸಿದ್ದು ಸೋಯಾ ಪಾಲಾಯ್ತು. ಸ್ಕೂಲಲ್ಲಿ ಮಕ್ಕಳು ಅವರ ಒಡಕು ದನಿನ ಅಣಕಿಸೋಕೆ ಶುರು ಮಾಡಿದ್ರಂತೆ. ಹೆಡ್ ಮಿಸ್ ಎಲ್ಲರ ಎದುರೇ, ನಿದ್ದೆ ಮಾಡೋದಿದ್ರೆ ಮನೇಲಿ ಮಾಡಿ ಅಂದ್ರಂತೆ. ವಿಹಾರದಲ್ಲೂ ವಂದನೆ ಹೇಳಿಸೋದನ್ನ ಬೇರೆಯವರಿಗೆ ಬಿಟ್ಕೊಟ್ರು. ಇದೆಲ್ಲ ನನಗೆ ಆಮೇಲೆ ತಿಳಿದಿದ್ದು.

ಕೊನೆಗೂ ಕೇಳಿದ್ದು ಡಾಕ್ಟ್ರಲ್ಲ, ನಾನಲ್ಲ. ನಮ್ಮ ಫಾರ್ಮಸಿ ಕಿಟಕೀಲಿ ಕೂರ್ತಿದ್ದ ಮೇರಿ. ನನ್ನ ಓರಗೆಯವಳು. ಡೋಸ್ ಏರ್ತಾನೇ ಇರೋದು ನೋಡಿ ಅನುಮಾನ ಬಂದು, "ಮಿಸ್, ಈ ಮಾತ್ರೆ ಯಾತರಲ್ಲಿ ನುಂಗ್ತೀರಾ?" ಅಂದಿದ್ದಾಳೆ. "ಸೋಯಾ ಹಾಲಲ್ಲಿ. ಡಯಟ್ ಮೇಡಂ ಬರೆದುಕೊಟ್ಟಿದ್ದಾರಲ್ಲ," ಅಂತ ಅವರು ಪರ್ಸಿಂದ ಶೀಟ್ ತೆಗೆದು ತೋರಿಸಿದ್ದಾರೆ. ಇನ್ಮೇಲೆ ನೀರಲ್ಲಿ ನುಂಗಿ, ಉಳಿದಿದ್ದು ಮೇಡಂ ಹೇಳ್ತಾರೆ ಅಂತ ಹೇಳಿ ಕಳಿಸಿ, ಮೇರಿ ಆ ಶೀಟ್ ಹಿಡ್ಕೊಂಡು ನನ್ನ ರೂಮಿಗೆ ಬಂದಳು. ಟೇಬಲ್ ಮೇಲೆ ಇಟ್ಟಳು. ಒಂದು ಮಾತೂ ಬೈಲಿಲ್ಲ. "ನೀನೇ ಹೇಳ್ಬಿಡು ಕಣೇ, ನನ್ನ ಬಾಯಲ್ಲಿ ಚೆನ್ನಾಗಿರಲ್ಲ," ಅಂದಳು.

ನಾನು ಶೀಟ್ ಹಿಡ್ಕೊಂಡು ಸೂಪರಿಂಟೆಂಡೆಂಟ್ ಹತ್ರ ಹೋದೆ. ಒಳ್ಳೆ ಮನುಷ್ಯರೇ. ಓದಿ, ಕನ್ನಡಕ ತೆಗೆದಿಟ್ಟು, "ಇವತ್ತೇ ಶೀಟ್ ಬದಲಾಯಿಸಿ. ಪೇಷೆಂಟಿಗೆ ಫೋನ್ ಮಾಡಿ ಸರಿಯಾದ್ದು ಹೇಳಿ. ತಪ್ಪು ಗಿಪ್ಪು ಅಂತ ಮಾತು ಬೆಳೆಸ್ಬೇಡಿ. ಆಸ್ಪತ್ರೆ ಹೆಸರಿದೆ, ನಿಮ್ಮ ಹೆಸರೂ ಇದೆ," ಅಂದ್ರು. ಅವರ ಮೇಲೆ ಹಾಕಿ ಕೈ ತೊಳ್ಕೊಳ್ಳಲ್ಲ. ಅವರು ಹಾಗೆ ಹೇಳ್ಲಿ ಅಂತಾನೇ ನಾನು ಅವರ ಹತ್ರ ಹೋಗಿದ್ದು.

ಫೋನ್ ಮಾಡಿದೆ. "ಮಿಸ್, ಈಗ ಹೊಸದಾಗಿ ಗೊತ್ತಾಗಿದೆ. ಮಾತ್ರೆ ಬರೀ ನೀರಲ್ಲಿ ತಗೊಳ್ಳಿ. ಸೋಯಾ ಹಾಲು ಬೇಕಿದ್ರೆ ಸಂಜೆಗೆ ಇಟ್ಕೊಳ್ಳಿ. ಮುನ್ನೆಚ್ಚರಿಕೆಗೆ ಅಷ್ಟೇ."

"ಆಗ್ಲಿ ಮೇಡಂ," ಅಂತ ಅದೇ ಒಡಕು ದನಿ. "ನಾನು ಸ್ಕೂಲ್ ಬಿಟ್ಬಿಟ್ಟೆ ಮೇಡಂ. ಸ್ವಯಂ ನಿವೃತ್ತಿಗೆ ಬರೆದುಕೊಟ್ಟೆ. ಇನ್ನು ಆಗಲ್ಲ ನನ್ನ ಕೈಲಿ."

ಅಯ್ಯೋ, ಅಂದೆ. ರೆಸ್ಟ್ ತಗೊಳ್ಳಿ ಅಂದೆ. ಫೋನ್ ಇಟ್ಟೆ. ಕೆಲಸ ಆಗ್ಲೇ ಹೋಗಿಯಾಯ್ತು, ಈಗ ನಿಜ ಹೇಳಿ ಏನು ಬಂತು, ಸುಮ್ನೆ ಅವರ ಹೊಟ್ಟೆ ಉರಿಸಿದ ಹಾಗೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಆರು ವರ್ಷ ಆ ಸಮಾಧಾನದಲ್ಲೇ ಕೆಲಸ ಮಾಡಿದೆ. ಒಂದು ನಿಜ, ಅವತ್ತಿಂದ ಬಂದವರಿಗೆಲ್ಲ ಮೊದಲು ಮಾತ್ರೆ ಪಟ್ಟಿ ಕೇಳ್ತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ರಿಟೈರ್ ಆಗಿ ಎರಡು ವರ್ಷ ಆಯ್ತು. ಕೂತ್ರೆ ನಿಂತ್ರೆ ಅದೇ ಯೋಚನೆ. ಹೋದ ತಿಂಗಳು ಮೇರಿ ಹತ್ರ ವಿಳಾಸ ಇಸ್ಕೊಂಡು ಕಗ್ಗದಾಸಪುರಕ್ಕೆ ಹೋದೆ.

ಗೇಟ್ ತೆಗೆದವರು ಸುಜಾತಾ ಮಿಸ್ಸೇ. ತೆಳ್ಳಗಾಗಿದ್ರು. "ಅಯ್ಯೋ ಮೇಡಂ! ಬನ್ನಿ ಬನ್ನಿ!" ಅದೇ ಹಳೇ ದನಿ, ಗಂಟೆ ಹೊಡೆದ ಹಾಗೆ. ಒಳಗೆ ಗೂಡಲ್ಲಿ ಬುದ್ಧನ ಮೂರ್ತಿ, ಪಕ್ಕದಲ್ಲಿ ಅವರು ಮಕ್ಕಳ ಜೊತೆ ನಿಂತ ಸ್ಕೂಲ್ ಫೋಟೋ. ಗಂಡನ್ನ ಕರೆದು, "ನಾನು ಹೇಳ್ತಿರ್ತೀನಲ್ಲ ರೀ, ಆ ಡಯಟ್ ಮೇಡಂ ಇವರೇ. ಇವರು ಫೋನ್ ಮಾಡಿ ಹೇಳಿದ್ಮೇಲೇ ನಾನು ಸರಿಹೋಗಿದ್ದು. ಡಾಕ್ಟ್ರು ಡೋಸ್ ಕೂಡ ಇಳಿಸಿದ್ರು. ಮೂರೇ ತಿಂಗಳಿಗೆ ದನಿ ವಾಪಸ್ ಬಂತು," ಅಂದ್ರು. ಆ ಮನುಷ್ಯ ನನಗೆ ಕೈ ಮುಗಿದ್ರು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು.

ಕಾಫಿ ಕುಡಿಯೋಕೆ ಮುಂಚೆ ಹೇಳ್ಬಿಟ್ಟೆ. ಎಲ್ಲಾನೂ. ಖಾಲಿ ಹೊಟ್ಟೆ ಸಾಲು ನಾನೇ ಬರೆಸಿದ್ದು, ಮಾತ್ರೆ ಕೇಳದೇ ಇದ್ದಿದ್ದು, ಹೊಸದಾಗಿ ಗೊತ್ತಾಗಿದೆ ಅಂತ ಸುಳ್ಳು ಹೇಳಿದ್ದು. "ನಿಮ್ಮ ಕೆಲಸ ಹೋಗಿದ್ದು ನನ್ನಿಂದ ಮಿಸ್."

ಅವರು ಕೈಲಿದ್ದ ಲೋಟ ಕೆಳಗಿಟ್ರು. ಆಮೇಲೆ ಕೇಳಿದ್ದು ಒಂದೇ.

"ನಿಮಗೆ ಯಾವಾಗ ಗೊತ್ತಾಯ್ತು ಮೇಡಂ? ಫೋನ್ ಮಾಡಿದ ದಿನ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತಿಗೆ ನಾನು ಅರ್ಜಿ ಕೊಟ್ಟು ಹತ್ತು ದಿನ ಆಗಿತ್ತು ಅಷ್ಟೇ. ಅದು ಬಿಇಓ ಆಫೀಸಲ್ಲೇ ಇತ್ತು. ಮೂರು ತಿಂಗಳ ನೋಟಿಸು ಮೇಡಂ ಅದು, ಮುಗಿಯೋದ್ರೊಳಗೆ ವಾಪಸ್ ತಗೋಬಹುದು. ಆ ಆಫೀಸಿನವರೇ ಎರಡು ಸಲ ಫೋನ್ ಮಾಡಿ, ಯೋಚನೆ ಮಾಡಿ ಮಿಸ್ ಅಂದಿದ್ರು." ದನಿ ಏರ್ಲಿಲ್ಲ. "ನಾನೇ ಬೇಡ ಅಂದೆ. ನಾನು ಸೋಮಾರಿ ಆಗ್ಬಿಟ್ಟಿದ್ದೀನಿ, ತಿಂಡಿಪೋತಿ ಆಗಿದ್ದೀನಿ ಅಂತ ನಂಬಿಬಿಟ್ಟಿದ್ದೆ. ನೀವೇ ಅಂದಿದ್ರಲ್ಲ, ಕದ್ದು ತಿಂತೀರಾ ಅಂತ. ಇದು ಮಾತ್ರೆ ಮಾಡಿದ್ದು, ಸರಿಹೋಗುತ್ತೆ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಇನ್ನೂ ಹತ್ತು ವರ್ಷ ಸರ್ವೀಸಿತ್ತು ನನಗೆ."

ನನ್ನ ಇಷ್ಟು ವರ್ಷದ ಸಮಾಧಾನ ಅಲ್ಲಿಗೆ ಮುಗೀತು. ಅವರ ಕೆಲಸ ಹೋಗಿದ್ದು ಸೋಯಾ ಹಾಲಿಂದಲ್ಲ, ನನ್ನ ಆ ಫೋನಿಂದ. ಕ್ಷಮಿಸಿ ಅಂತ ಕೇಳೋಕೆ ಬಾಯಿ ಬರ್ಲಿಲ್ಲ. ಅವರೂ ಕ್ಷಮಿಸಿದೆ ಅನ್ಲಿಲ್ಲ. ಕಾಫಿ ಆರಿತ್ತು, ಆದ್ರೂ ಕುಡೀರಿ ಅಂದ್ರು, ಕುಡಿದೆ. "ಇದನ್ನ ಬರೀರಿ ಮೇಡಂ, ಹೊಸದಾಗಿ ಬರೋರು ಓದ್ಲಿ. ನನ್ನ ಮಕ್ಕಳು ತಪ್ಪು ಬರೆದ್ರೆ ನಾನು ಹೊಡೀತಿರ್ಲಿಲ್ಲ, ಸರಿಯಾಗಿ ಮತ್ತೊಂದ್ಸಲ ಬರೆಸ್ತಿದ್ದೆ," ಅಂದ್ರು.

ಗೇಟ್ ತನಕ ಬಂದ್ರು. ನನಗೆ ಎರಡೂ ಮೊಣಕಾಲು ನೋವು, ನಾನು ಮೆಟ್ಟಿಲು ಇಳಿಯೋದು ನೋಡಿ ಕೈ ಕೊಟ್ರು.

"ನೀವೂ ಈಗ ಮಾತ್ರೆ ತಗೋತಿರಬೇಕಲ್ವಾ ಮೇಡಂ?"

"ಹೂಂ. ಬಿಪಿದು, ಹೋದ ವರ್ಷದಿಂದ ಥೈರಾಯ್ಡಿಂದೂ."

"ಯಾತರಲ್ಲಿ ನುಂಗ್ತೀರಾ?"

ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಇದನ್ನ ಕೇಳಿರ್ಲಿಲ್ಲ, ನನಗೆ ಮಾತ್ರೆ ಬರೆದುಕೊಟ್ಟ ಡಾಕ್ಟ್ರು ಕೂಡ.

"ನೀರಲ್ಲಿ," ಅಂದೆ.

"ಒಳ್ಳೇದು," ಅಂತ ಗೇಟ್ ಹಾಕ್ಕೊಂಡ್ರು.